ಬಾರ್ಟೋಕ್ ಕಾಸರಗೋಡಿನವನಾಗಿದ್ದರೆ ಯಾವ ಕಚೇರಿಗೆ ಅರ್ಜಿ ಹಾಕಬೇಕಿತ್ತು?

ಗಡಿನಾಡಿನ ಕಲೆ, ಸಂಸ್ಕೃತಿಗೆ ಅನುದಾನ ಕೊಡುವ ಎರಡೂ ರಾಜ್ಯಗಳ ಅಧಿಕಾರಿಗಳಿಗೆ, ಅಕಾಡೆಮಿಗಳ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ.

ನಾನು ಕಾಸರಗೋಡಿನ ಮುಳ್ಳೇರಿಯ ಕಡೆಯವನು. ಮಕ್ಕಳಿಗೆ ಪಿಟೀಲು ಹೇಳಿಕೊಡುವುದು ನನ್ನ ಕೆಲಸ. ನಿಮ್ಮ ಹತ್ತಿರ ಕೇಳುವುದು ಒಂದೇ ವಿಷಯ. ಕಾಸರಗೋಡಿನ ಹಳೇ ಹಾಡುಗಳನ್ನು ರೆಕಾರ್ಡ್ ಮಾಡಿ ಇಡುವ ಕೆಲಸಕ್ಕೆ ದುಡ್ಡು ಕೊಡಿ. ಕೊಡುವಾಗ ಹಾಡು ಯಾವ ಭಾಷೆಯದು ಅಂತ ನೋಡಿ ಕೊಡಬೇಡಿ. ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಹಾಕಬಹುದಿತ್ತು. ಆದರೆ ಆ ಕಾರ್ಡು ಯಾವ ಫೈಲಿನೊಳಗೆ ಹೋಗಿ ಮಲಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಮೊದಲು ಒಬ್ಬ ಸಂಗೀತಗಾರನ ಕಥೆ ಹೇಳಿ ಆಮೇಲೆ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆದೀತು, ಬೇಜಾರು ಮಾಡಿಕೊಳ್ಳಬೇಡಿ.

ಅವನ ಹೆಸರು ಬೇಲಾ ಬಾರ್ಟೋಕ್. ಹಂಗೇರಿಯವನು. ನಾವು ಊರಿನ ಹೆಸರು ಮೊದಲು ಹಾಕಿ ಕಯ್ಯಾರ ಕಿಞ್ಞಣ್ಣ ರೈ ಅನ್ನುವ ಹಾಗೆ ಅಲ್ಲಿಯವರು ಮನೆತನದ ಹೆಸರು ಮೊದಲು ಹಾಕುತ್ತಾರೆ. ಹಾಗಾಗಿ ಅವರ ಬಾಯಲ್ಲಿ ಬಾರ್ಟೋಕ್ ಬೇಲಾ. 20ನೇ ಶತಮಾನದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಬಹಳ ದೊಡ್ಡ ಹೆಸರು. ಆರು ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಕೃತಿ), ಮೂರು ಪಿಯಾನೋ ಕನ್ಸರ್ಟೋ (ಪಿಯಾನೋ ಮುಂದೆ, ವಾದ್ಯವೃಂದ ಜೊತೆಗೆ), ಒಂದು ಒಪೇರಾ, ವಾದ್ಯವೃಂದಕ್ಕೆ ಬರೆದ ದೊಡ್ಡ ದೊಡ್ಡ ಕೃತಿಗಳು. ಎಲ್ಲವೂ ನನಗೆ ಹಿಡಿಸುತ್ತದೆ ಅಂತ ಸುಮ್ನೆ ಹೇಳುವುದಿಲ್ಲ. ಮೂರನೇ, ನಾಲ್ಕನೇ ಕ್ವಾರ್ಟೆಟ್ ಕೇಳುವಾಗ ತ್ಯಾಗರಾಜರ ಕೀರ್ತನೆಗೆ ಪಳಗಿದ ನನ್ನ ಕಿವಿ ಇನ್ನೂ ತಕರಾರು ಮಾಡುತ್ತದೆ.

1881ರ ಮಾರ್ಚ್ 25ರಂದು ನಾಗ್ಯ್‌ಸೆಂಟ್‌ಮಿಕ್ಲೋಶ್ ಎಂಬ, ನಾಲಗೆ ಹೊರಳದ ಹೆಸರಿನ ಸಣ್ಣ ಪೇಟೆಯಲ್ಲಿ ಹುಟ್ಟಿದ. ಅಪ್ಪ ಕೃಷಿ ಶಾಲೆಯ ಮುಖ್ಯಸ್ಥ. ಹುಡುಗನಿಗೆ ಏಳು ವರ್ಷ ಆಗುವಾಗ ಅಪ್ಪ ತೀರಿಕೊಂಡ. ಅಮ್ಮ ಟೀಚರು, ಅವಳ ಮನೆಮಾತು ಜರ್ಮನ್. ಪಿಯಾನೋದ ಮೊದಲ ಪಾಠ ಹೇಳಿಕೊಟ್ಟದ್ದು ಅವಳೇ. ಗಂಡ ಹೋದ ಮೇಲೆ ಕೆಲಸ ಸಿಕ್ಕಿದ ಕಡೆಗೆಲ್ಲ ಮಕ್ಕಳನ್ನು ಕಟ್ಟಿಕೊಂಡು ಹೋದಳು. ನಾಗ್ಯ್‌ಸೋಲೋಶ್ ಎಂಬ ಊರಿನಲ್ಲಿದ್ದಾಗ, 1892ರಲ್ಲಿ, ಹುಡುಗ ಮೊದಲ ಸಲ ಜನರ ಮುಂದೆ ಪಿಯಾನೋ ನುಡಿಸಿದ. ಆಮೇಲೆ ಪೊಜೋನಿ ಎಂಬ ದೊಡ್ಡ ಪೇಟೆಯಲ್ಲಿ ಹೈಸ್ಕೂಲು. ಈ ಮೂರೂ ಆಗ ಹಂಗೇರಿಯ ಊರುಗಳೇ.

ಮೊದಲ ಮಹಾಯುದ್ಧ ಮುಗಿಯಿತು. 1920ರ ಜೂನ್ 4ರಂದು ಟ್ರಿಯಾನೊನ್ ಒಪ್ಪಂದಕ್ಕೆ ಸಹಿ ಬಿತ್ತು. ಹುಟ್ಟಿದ ಊರು ರೊಮೇನಿಯಾದ ಪಾಲಾಯಿತು. ಮೊದಲ ಸಲ ನುಡಿಸಿದ ಊರು, ಓದಿದ ಊರು ಎರಡೂ ಚೆಕೊಸ್ಲೊವಾಕಿಯಾಕ್ಕೆ ಹೋದವು. ಇವತ್ತಿನ ನಕಾಶೆ ನೋಡಿದರೆ ಮೂರು ಊರು ಮೂರು ದೇಶದಲ್ಲಿವೆ. ರೊಮೇನಿಯಾ, ಉಕ್ರೇನ್, ಸ್ಲೊವಾಕಿಯಾ. ಪೊಜೋನಿ ಅಂದರೆ ಈಗಿನ ಬ್ರಾಟಿಸ್ಲಾವಾ, ಸ್ಲೊವಾಕಿಯಾದ ರಾಜಧಾನಿ.

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? 1956ರ ನವೆಂಬರ್ 1ರ ಬೆಳಗ್ಗೆ ನಮ್ಮ ಹಿರಿಯರು ಎದ್ದು ನೋಡುವಾಗ ಮನೆ ಅಲ್ಲೇ ಇತ್ತು, ತೋಟ ಅಲ್ಲೇ ಇತ್ತು. ದಕ್ಷಿಣ ಕನ್ನಡದ ತಾಲೂಕು ಮಾತ್ರ ಕೇರಳದ್ದಾಗಿತ್ತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಅಂತ ಮಹಾಜನ ಆಯೋಗ 1967ರಲ್ಲಿ ಹೇಳಿತು. ಆ ವರದಿ ವರದಿಯಾಗಿಯೇ ಉಳಿಯಿತು. ಆ ನೋವಿನ ಬಗ್ಗೆ ಬೇರೆಯವರು ತುಂಬ ಬರೆದಿದ್ದಾರೆ, ನಾನು ಇಲ್ಲಿ ಕೆದಕುವುದಿಲ್ಲ.

ಹರೆಯದಲ್ಲಿ ಬಾರ್ಟೋಕ್ ಕಟ್ಟಾ ಹಂಗೇರಿ ಅಭಿಮಾನಿಯಾಗಿದ್ದ. ಆಗ ಆಳುತ್ತಿದ್ದುದು ವಿಯೆನ್ನಾದ ದೊರೆ. ಕೊಶುತ್ ಎಂಬ ಸ್ವಾತಂತ್ರ್ಯ ಹೋರಾಟಗಾರನ ಮೇಲೆ 1903ರಲ್ಲಿ ಒಂದು ದೊಡ್ಡ ಕೃತಿ ಬರೆದು ಅದರಲ್ಲಿ ಆಸ್ಟ್ರಿಯಾದ ರಾಷ್ಟ್ರಗೀತೆಯನ್ನು ಸೊಟ್ಟ ಮಾಡಿ ಅಣಕಿಸಿದ. ಮನೆಯಲ್ಲಿ ಜರ್ಮನ್ ಬೇಡ, ಹಂಗೇರಿಯನ್ ಮಾತಾಡಿ ಅಂತ ಅಮ್ಮನಿಗೆ, ತಂಗಿಗೆ ದುಂಬಾಲು ಬಿದ್ದ. ಅಂಥ ಹುಡುಗರನ್ನು ನಾವೂ ನೋಡಿದ್ದೇವೆ. ಗಡಿಯಲ್ಲಿ ಅಂಥ ಹುಡುಗರು ಇರಲೇಬೇಕು ಅಂತಲೇ ನನ್ನ ಅಭಿಪ್ರಾಯ.

1904ರ ಬೇಸಿಗೆಯಲ್ಲಿ ಅವನು ಒಂದು ಹಳ್ಳಿಯಲ್ಲಿ ಉಳಿದುಕೊಂಡು ಪಿಯಾನೋ ಅಭ್ಯಾಸ ಮಾಡುತ್ತಿದ್ದ. ಅಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕೆ ಬಂದಿದ್ದ ಒಬ್ಬ ಹುಡುಗಿ ತನ್ನ ಪಾಡಿಗೆ ಹಾಡಿಕೊಳ್ಳುತ್ತಿದ್ದಳು. ಹೆಸರು ಲಿದಿ ದೋಶಾ, ಟ್ರಾನ್ಸಿಲ್ವೇನಿಯಾ ಕಡೆಯವಳು. ಕೆಂಪು ಸೇಬಿನ ಮೇಲಿನ ಒಂದು ಹಾಡು. ಬಾರ್ಟೋಕ್ ಅದನ್ನು ಬರೆದುಕೊಂಡ. ಅಲ್ಲಿಯವರೆಗೆ ಪೇಟೆಯವರು ಹಂಗೇರಿಯ ಜಾನಪದ ಅಂತ ನಂಬಿದ್ದುದು ಕೆಫೆಗಳಲ್ಲಿ ಬ್ಯಾಂಡಿನವರು ನುಡಿಸುತ್ತಿದ್ದ ಸಂಗೀತವನ್ನು. ಅದು ಬಹುಪಾಲು ಪೇಟೆಯಲ್ಲೇ ಕಟ್ಟಿದ ಹಾಡು. ಹೊಲದಲ್ಲಿ, ತೊಟ್ಟಿಲ ಪಕ್ಕದಲ್ಲಿ ಹಾಡುವ ಹಾಡು ಬೇರೆಯೇ ಇದೆ ಅಂತ ಅವನಿಗೆ ಹೊಳೆಯಿತು.

ನಮ್ಮ ಉತ್ಸವದ ವೇದಿಕೆಯಲ್ಲಿ 'ಜಾನಪದ ಗಾಯನ' ಅಂತ ನಡೆಯುವುದನ್ನು ನೀವೂ ಮುಂದಿನ ಸಾಲಿನಲ್ಲಿ ಕೂತು ನೋಡಿದ್ದೀರಲ್ಲ. ಕೀಬೋರ್ಡು, ರಿದಂ ಪ್ಯಾಡು, ಹುಡುಗಿಯರಿಗೆ ಒಂದೇ ಬಣ್ಣದ ಸೀರೆ, ಹುಡುಗರ ತಲೆಗೆ ಮುಟ್ಟಾಳೆ. ಪಲ್ಲವಿಯಲ್ಲಿ ನಾಲ್ಕು ಸಲ 'ಓ ಬೇಲೆ'. ಚಪ್ಪಾಳೆ ಜೋರಾಗಿಯೇ ಬೀಳುತ್ತದೆ. ಅದಕ್ಕೆ ಅನುದಾನವೂ ಸಲೀಸಾಗಿ ಸಿಗುತ್ತದೆ. ಅದು ಬೇಡ ಅನ್ನುವುದಿಲ್ಲ. ಆದರೆ ಗದ್ದೆಯಲ್ಲಿ ಬಗ್ಗಿ ನೇಜಿ ನೆಡುತ್ತಾ 'ಓ ಬೇಲೆ' ಹಾಡಿದವರು ಈಗ ಎಂಬತ್ತು ದಾಟಿದ್ದಾರೆ. ಗದ್ದೆಯೂ ಕಡಿಮೆ ಆಗಿದೆ, ಅಡಿಕೆ, ರಬ್ಬರು ಬಂದಿದೆ. ಅವರಲ್ಲಿ ಯಾರಿಗೂ ರಿದಂ ಪ್ಯಾಡಿನ ಪರಿಚಯ ಇಲ್ಲ.

ಬಾರ್ಟೋಕ್‌ಗೆ ಒಬ್ಬ ಜೊತೆಗಾರ ಸಿಕ್ಕಿದ. ಜೋಲ್ತಾನ್ ಕೋದಾಯ್, ಅವನೂ ದೊಡ್ಡ ಸಂಗೀತಗಾರ. 1906ರಲ್ಲಿ ಇಬ್ಬರೂ ಸೇರಿ 20 ಹಳ್ಳಿ ಹಾಡುಗಳ ಪುಸ್ತಕ ತಂದರು. ಆಮೇಲೆ ಎಡಿಸನ್ನಿನ ಫೋನೋಗ್ರಾಫ್ ಹೊತ್ತುಕೊಂಡು ಊರೂರು ತಿರುಗಿದರು. ಆಗಿನ ರೆಕಾರ್ಡಿಂಗ್ ಅಂದರೆ ಮೇಣದ ಉರುಳೆ. ಹಾಡುವವರು ಒಂದು ಕೊಳವೆಯ ಬಾಯಿಗೆ ಮುಖ ಕೊಟ್ಟು ಹಾಡಬೇಕು. ಒಂದು ಉರುಳೆಯಲ್ಲಿ ಕೆಲವೇ ನಿಮಿಷದ ಹಾಡು ಹಿಡಿಯುತ್ತದೆ. ದೈವದ ಕಥೆ ಹೇಳುವ ನಮ್ಮ ತುಳು ಹಾಡು ಪಾಡ್ದನ ಶುರುವಾಗಿ ದೈವ ಇನ್ನೂ ಹುಟ್ಟುವ ಮೊದಲೇ ಉರುಳೆ ಮುಗಿದೀತು. ಹಾಡಿನ ಜೊತೆ ಬಾರ್ಟೋಕ್ ಊರು, ದಿನಾಂಕ, ಹಾಡಿದವರ ಹೆಸರು, ವಯಸ್ಸು ಬರೆದಿಡುತ್ತಿದ್ದ. ಮನೆಗೆ ಬಂದು ಅದನ್ನು ನಿಧಾನಕ್ಕೆ ತಿರುಗಿಸಿ, ಕೇಳಿ, ಮತ್ತೆ ಕೇಳಿ, ದನಿ ಎಲ್ಲಿ ಅಲುಗಿತು, ಎಲ್ಲಿ ಜಾರಿತು ಅಂತ ಒಂದೊಂದನ್ನೂ ಕಾಗದಕ್ಕೆ ಇಳಿಸುತ್ತಿದ್ದ. ಗಮಕ ಅಂದರೆ ಏನು ಅಂತ ಗೊತ್ತಿರುವ ನಮ್ಮಂಥವರಿಗೆ ಅದು ಎಂಥ ಕೆಲಸ ಅಂತ ಹೇಳಬೇಕಾಗಿಲ್ಲ. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಅದನ್ನು ಹಿಡಿಯಲು ಅವನು ಬರೆದ ಪುಟ್ಟ ಪುಟ್ಟ ಸ್ವರಗಳನ್ನು ನೋಡಿದರೆ ಕಣ್ಣು ನೋಯುತ್ತದೆ.

1907ರಲ್ಲಿ ಅವನು ಸ್ಟೆಫಿ ಗೇಯರ್ ಎಂಬ ಪಿಟೀಲು ವಾದಕಿಗೆ ಹಳ್ಳಿಯಿಂದ ಬರೆದ ಒಂದು ಕಾಗದ ಇದೆ. ಒಬ್ಬ ಹಳ್ಳಿ ಹೆಂಗಸಿನ ಹತ್ತಿರ ಹಾಡು ಕೇಳಲು ಹೋದ ಕಥೆಯನ್ನು ನಾಟಕದ ಸಂಭಾಷಣೆಯ ಹಾಗೆ ಬರೆದಿದ್ದಾನೆ. ಇವನು ಹಳೇ ಹಾಡು ಕೇಳುತ್ತಾನೆ. ಅವಳು ಗೊತ್ತಿತ್ತು, ಮರೆತುಹೋಯಿತು ಅನ್ನುತ್ತಾಳೆ. ದೇವರ ಹಾಡು ಆದೀತಾ ಅನ್ನುತ್ತಾಳೆ. ಎಲ್ಲರಿಗೂ ಗೊತ್ತಿರುವ ಹೊಸ ಹಾಡು ತೆಗೆಯುತ್ತಾಳೆ. ಇವನು ಅದಲ್ಲ, ಹಳೆಯದು, ಹಳೆಯದು ಅಂತ ಗೋಗರೆಯುತ್ತಾನೆ. ಕೊನೆಗೆ ಕೈಗೆ ಏನೂ ಸಿಗುವುದಿಲ್ಲ.

ಅದನ್ನು ಓದಿ ನನಗೆ ನಗು ಬಂತು. ನಮ್ಮ ಮನೆಯಿಂದ ಸ್ವಲ್ಪ ಕೆಳಗೆ ಒಬ್ಬರು ಅಜ್ಜಿ ಇದ್ದಾರೆ. ಹೆಸರು ಬರೆಯುವುದಿಲ್ಲ, ಅವರಿಗೆ ಇಷ್ಟ ಇಲ್ಲ. ಹಾಡು ಹೇಳಿ ಅಂತ ಫೋನು ಮುಂದೆ ಇಟ್ಟರೆ, 'ಎಂಕ್ ಮಾತ ಮರತ್ ಪೋತುಂಡು ಮಾಸ್ಟ್ರೆ' ಅಂದರು, ನನಗೆ ಎಲ್ಲ ಮರೆತುಹೋಗಿದೆ ಅಂತ. ಆಮೇಲೆ ನಮ್ಮ ಮೇಲೆ ಪಾಪ ಅನಿಸಿ ಭಜನಾ ಮಂದಿರದ ಒಂದು ಭಜನೆ ಹೇಳಿದರು. ಮೊಮ್ಮಗಳು ಪಕ್ಕದಿಂದ ಒಂದು ಸಿನಿಮಾ ಹಾಡು ನೆನಪಿಸಿದಳು, ಅದೂ ಆಯಿತು. ಸಾಕು ಅಂತ ನಾನು ಚಹಾ ಕುಡಿಯುತ್ತಾ ಕೂತೆ. ಅಜ್ಜಿ ಎದ್ದು ಹೋಗಿ ಜಗಲಿಯಲ್ಲಿ ಅಡಿಕೆ ಸುಲಿಯಲು ಕೂತರು. ಕೈ ಓಡತೊಡಗಿದ ಮೇಲೆ ಬಾಯಿಯೂ ತನ್ನಷ್ಟಕ್ಕೆ ಶುರುವಾಯಿತು. ಸಿಪ್ಪೆ ಹರಿಯುವುದಕ್ಕೂ ಹಾಡಿನ ಹೆಜ್ಜೆಗೂ ಸರಿಯಾಗಿ ಹೊಂದುತ್ತಿತ್ತು. ನಾಲ್ಕೇ ನಾಲ್ಕು ಸ್ವರ. ಸಾಲಿನ ಕೊನೆಯಲ್ಲಿ ದನಿ ಕೆಳಗೆ ಜಾರಿ, ಅಲ್ಲಿ ಸ್ವಲ್ಪ ಒರಗಿ, ಮತ್ತೆ ಏಳುವುದು. ಮೊದಲ ಕೆಲವು ಸಾಲು ತುಳು. ಆಮೇಲೆ ಅದೇ ಧಾಟಿಯಲ್ಲಿ ಮಲಯಾಳ. ನಾನು ಕೇಳಿದ್ದಕ್ಕೆ, 'ಅವು ಎನ್ನ ಅಪ್ಪೆನ ಪದ' ಅಂದರು, ಅದು ನನ್ನ ಅಮ್ಮನ ಹಾಡು ಅಂತ. ಅವರ ತಾಯಿಯ ತವರು ಹೊಳೆಯ ಆಚೆ, ಕಾಞಂಗಾಡಿನ ಕಡೆ. ತಾಯಿ ಮದುವೆಯಾಗಿ ಈಚೆ ಬರುವಾಗ ಹಾಡನ್ನೂ ತಂದಿದ್ದರು. ಇಲ್ಲಿಯ ಗದ್ದೆಯಲ್ಲಿ ಅದಕ್ಕೆ ತುಳು ಮಾತು ಸೇರಿಕೊಂಡಿದೆ. ನಮ್ಮ ಹತ್ತಿರ ಅಜ್ಜಿ ಮಾತಾಡುವುದು ಕನ್ನಡದಲ್ಲಿ, ಪೇಟೆಗೆ ಹೋದರೆ ಮಲಯಾಳದಲ್ಲಿ. ಮೊಮ್ಮಗಳು ಓದುವುದು ಕನ್ನಡ ಮೀಡಿಯಂ.

ಆ ಹಾಡನ್ನು, ಅಂಥ ಇನ್ನಷ್ಟು ಹಾಡನ್ನು ಸರಿಯಾದ ಮೈಕಿನಲ್ಲಿ ರೆಕಾರ್ಡ್ ಮಾಡಲು ಒಂದು ಕಚೇರಿಗೆ ಅರ್ಜಿ ಹಾಕಿದೆ. ಯಾವ ಕಚೇರಿ ಅಂತ ಹೇಳುವುದಿಲ್ಲ, ಅಲ್ಲಿ ಕೂತವರೂ ಪಾಪ ಅಷ್ಟೊಂದು ಕೆಟ್ಟವರಲ್ಲ. ಫಾರಮಿನಲ್ಲಿ 'ಭಾಷೆ' ಅಂತ ಒಂದು ಕಾಲಂ. ನಾನು ತುಳು, ಮಲಯಾಳ ಅಂತ ಬರೆದೆ. ಇದು ನಮ್ಮ ಬಾಬ್ತಿಗೆ ಬರುವುದಿಲ್ಲ, ಕನ್ನಡದ ಕಾರ್ಯಕ್ರಮ ಇದ್ದರೆ ಹೇಳಿ ಅಂದರು. ಇನ್ನೊಂದು ಕಡೆ ಹೋದೆ, ಬೇರೆ ರಾಜ್ಯದ ಕಚೇರಿ. ಅಲ್ಲಿ ತುಳುವಿಗೆ ತೊಂದರೆ ಇರಲಿಲ್ಲ, ಆದರೆ ಮಲಯಾಳ ಯಾಕೆ ಸೇರಿಸಿದ್ದೀರಿ, ಒಂದು ಭಾಷೆ ಇಟ್ಟುಕೊಳ್ಳಿ ಅಂದರು. ಅಜ್ಜಿಗೆ ಹೋಗಿ, ಅರ್ಧ ಹಾಡಿ ನಿಲ್ಲಿಸಿ ಅಂತ ಹೇಳಲಿಕ್ಕಾಗುತ್ತದಾ?

ಬಾರ್ಟೋಕ್ ಹತ್ತಿರ ಅಂಥ ಫಾರಂ ಇರಲಿಲ್ಲ. ಹಂಗೇರಿಯನ್ ಹಾಡು ಹುಡುಕಲು ಹೊರಟವನು ಪಕ್ಕದ ಹಳ್ಳಿಯ ಸ್ಲೊವಾಕ್ ಹಾಡು ಕೇಳಿದ, ಅದನ್ನೂ ಬರೆದುಕೊಂಡ. ಇನ್ನೊಂದು ಹಳ್ಳಿಯಲ್ಲಿ ರೊಮೇನಿಯನ್ನರು. ಅವರ ಹಾಡು ಬೇಕಾದರೆ ಅವರ ಮಾತು ತಿಳಿಯಬೇಕಲ್ವಾ, ಅದಕ್ಕೆ ರೊಮೇನಿಯನ್ ಕಲಿತ, ಸ್ಲೊವಾಕ್ ಕಲಿತ. ಮನೆಯಲ್ಲಿ ಜರ್ಮನ್ ಮಾತಾಡಬೇಡಿ ಅಂದಿದ್ದ ಅದೇ ಮನುಷ್ಯ! ರೊಮೇನಿಯನ್ ಹಾಡುಗಳೇ ಮೂರು ಸಾವಿರ ದಾಟಿದವು. 1913ರಲ್ಲಿ ಅಲ್ಜೀರಿಯಾದ ಬಿಸ್ಕ್ರಾಕ್ಕೆ ಹೋಗಿ ಅರಬ್ಬರ ಹಾಡು ರೆಕಾರ್ಡ್ ಮಾಡಿದ. 1936ರಲ್ಲಿ ಟರ್ಕಿಯ ಅದಾನಾ ಕಡೆ ಹೋಗಿ ಅಲೆಮಾರಿ ಜನರ ಹಾಡು ಹುಡುಕಿದ. ಹಂಗೇರಿಯ ಹಾಡಿಗೂ ಅಕ್ಕಪಕ್ಕದವರ ಹಾಡಿಗೂ ಏನು ಸಂಬಂಧ ಅಂತ 1934ರಲ್ಲಿ ಒಂದು ಪುಸ್ತಕವನ್ನೇ ಬರೆದ. ಯಾವ ಧಾಟಿ ಯಾರಿಂದ ಯಾರಿಗೆ ಹೋಯಿತು, ದಾರಿಯಲ್ಲಿ ಏನು ಬದಲಾಯಿತು ಅಂತ ಹಾಡು ಹಾಡನ್ನೇ ಎದುರೆದುರು ಇಟ್ಟು ನೋಡಿದ.

ಇದಕ್ಕೆ ಬಹುಮಾನವೂ ಸಿಕ್ಕಿತು. 1920ರಲ್ಲಿ, ದೇಶ ತುಂಡಾದ ಅದೇ ವರ್ಷ, ರೊಮೇನಿಯನ್ ಹಳ್ಳಿ ಹಾಡಿನ ಮೇಲೆ ಅವನ ಒಂದು ಲೇಖನ ಜರ್ಮನ್ ಪತ್ರಿಕೆಯಲ್ಲಿ ಬಂತು. ಬುಡಾಪೆಸ್ಟಿನ ಪತ್ರಿಕೆಗಳು ಅವನ ಮೇಲೆ ಬಿದ್ದವು. ಸೀಮೆ ಕಳೆದುಕೊಂಡ ಹೊತ್ತಿನಲ್ಲಿ ಶತ್ರುವಿನ ಹಾಡು ಹೊಗಳುತ್ತೀಯಾ, ನೀನು ದೇಶದ್ರೋಹಿ ಅನ್ನುವ ಧಾಟಿ. ಸರಿ, ರೊಮೇನಿಯಾದವರಾದರೂ ಮೆಚ್ಚಿದರಾ? 1930ರ ದಶಕದಲ್ಲಿ ಅಲ್ಲಿಯ ಪೆತ್ರಾನು ಎಂಬ ಪಂಡಿತ ಎದ್ದು, ಈತ ಹಂಗೇರಿಯ ಪಕ್ಷಪಾತಿ, ನಮ್ಮ ಹಾಡಿನ ಮೇಲೆ ಹಂಗೇರಿಯ ಪ್ರಭಾವ ಇದೆ ಅನ್ನುತ್ತಾನೆ ಅಂತ ಬೈದ. ಎರಡು ಕಡೆಯಿಂದಲೂ ಬೈಗುಳ. ಗಡಿಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸತಲ್ಲ. ಇಲ್ಲಿ ತುಳು ಹಾಡಿನ ಬಗ್ಗೆ ಮಾತಾಡಿದರೆ ಕನ್ನಡಕ್ಕೆ ಕುತ್ತು ಅನ್ನುವವರಿದ್ದಾರೆ. ಕನ್ನಡ ಶಾಲೆಗೆ ಕನ್ನಡ ಬರುವ ಮಾಸ್ತರನ್ನೇ ಹಾಕಿ ಅಂದರೆ ಮಲಯಾಳ ವಿರೋಧಿ ಅನ್ನುವವರೂ ಇದ್ದಾರೆ. ಆ ಮಾಸ್ತರರ ಬೇಡಿಕೆಯನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಶಾಲೆಯ ಹಕ್ಕು ಬೇರೆ, ಅಜ್ಜಿಯ ಹಾಡು ಬೇರೆ. ಒಂದರ ಜಗಳದಲ್ಲಿ ಇನ್ನೊಂದು ಸಾಯಬಾರದು.

1931ರಲ್ಲಿ ಒಬ್ಬ ರೊಮೇನಿಯನ್ ವಿದ್ವಾಂಸನಿಗೆ ಬರೆದ ಕಾಗದದಲ್ಲಿ ಬಾರ್ಟೋಕ್ ತನ್ನ ಮನಸ್ಸು ಬಿಚ್ಚಿ ಹೇಳಿದ್ದಾನೆ. ಎಷ್ಟೇ ಯುದ್ಧ, ಜಗಳ ಇದ್ದರೂ ಜನ ಜನ ಅಣ್ಣತಮ್ಮಂದಿರು ಅನ್ನುವುದೇ ಸಂಗೀತದಲ್ಲಿ ತನ್ನ ದಾರಿ, ಸ್ಲೊವಾಕ್ ಆಗಲಿ, ರೊಮೇನಿಯನ್ ಆಗಲಿ, ಅರಬ್ಬಿ ಆಗಲಿ, ಯಾವ ಕಡೆಯಿಂದ ಬಂದದ್ದನ್ನೂ ಬೇಡ ಅನ್ನುವುದಿಲ್ಲ, ಒರತೆ ಶುದ್ಧವಾಗಿದ್ದರೆ ಸಾಕು ಅಂತ. ಮುಂದೆ 1942ರಲ್ಲಿ, ಹಿಟ್ಲರನ ಕಡೆಯವರು ರಕ್ತಶುದ್ಧಿಯ ಮಾತಾಡುತ್ತಿದ್ದಾಗ, ಸಂಗೀತದಲ್ಲಿ ಜನಾಂಗಶುದ್ಧಿ ಅನ್ನುವ ವಿಷಯದ ಮೇಲೆ ಒಂದು ಲೇಖನ ಬರೆದ. ಅಕ್ಕಪಕ್ಕದ ಜನ ಕೊಟ್ಟು ತೆಗೆದುಕೊಂಡದ್ದರಿಂದಲೇ ಆ ಭಾಗದ ಹಾಡು ಇಷ್ಟು ಸಮೃದ್ಧವಾಯಿತು ಅನ್ನುವುದು ಅದರ ಸಾರ. ಮಡಿ ಜಾಸ್ತಿಯಾದರೆ ಹಾಡು ಒಣಗುತ್ತದೆ.

ಇನ್ನು ಅವನ ಸಂಗೀತದ ಮಾತು. ಕೂಡಿಟ್ಟ ಹಾಡುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರೆ ಅವನೊಬ್ಬ ಸಂಗ್ರಾಹಕ ಅಷ್ಟೇ ಆಗಿರುತ್ತಿದ್ದ. ಹಂಗೇರಿಯ ಹಳೇ ಹಾಡುಗಳಲ್ಲಿ ಐದು ಸ್ವರದ ಒಂದು ಕ್ರಮ ಮತ್ತೆ ಮತ್ತೆ ಸಿಗುತ್ತದೆ. ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ನಮ್ಮ ಲೆಕ್ಕದಲ್ಲಿ ಶುದ್ಧ ಧನ್ಯಾಸಿ! ರಾಗ ಅಂತ ಕರೆಯಬಾರದು, ರಾಗದ ನಡೆ ಅದಕ್ಕಿಲ್ಲ. ಆದರೂ ಸ್ವರಗಳು ಅವೇ. ಬಲ್ಗೇರಿಯಾ ಕಡೆಯ ಹಾಡಿನಲ್ಲಿ ಅವನಿಗೆ ವಿಷಮ ಲಯ ಸಿಕ್ಕಿತು. 'ಮಿಕ್ರೋಕಾಸ್ಮೋಸ್' ಅಂತ ಪಿಯಾನೋ ಕಲಿಯುವವರಿಗೆ 153 ರಚನೆಗಳ ಆರು ಪುಸ್ತಕ ಬರೆದಿದ್ದಾನೆ. ಕಡೆಯ ಆರು ರಚನೆ ಬಲ್ಗೇರಿಯನ್ ಲಯದವು. 149ನೆಯದರಲ್ಲಿ ಏಳು ಮಾತ್ರೆ, ಎರಡು, ಎರಡು, ಮೂರು ಅಂತ ಒಡೆಯುತ್ತದೆ. ಮೂರು, ಎರಡು, ಎರಡರ ನಮ್ಮ ಮಿಶ್ರ ಛಾಪನ್ನು ತಿರುಗಿಸಿ ಹಿಡಿದ ಹಾಗೆ. ಯುರೋಪಿನ ಪಿಯಾನೋ ವಿದ್ಯಾರ್ಥಿಗಳು ಅಲ್ಲಿ ಮುಗ್ಗರಿಸುತ್ತಾರೆ. ನಮ್ಮೂರಿನ ಮದ್ದಳೆ ಕಲಿಯುವ ಹುಡುಗ ಒಮ್ಮೆ ಕೇಳಿ ತೊಡೆ ತಟ್ಟಿ ಲೆಕ್ಕ ಹಾಕಿದ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಹುಡುಗನಿಗೆ ಏಳು ಮಾತ್ರೆಯ ತ್ರಿವುಡೆ ತಾಳ ಹೊಸತಾ?

ನಾನು ಪಿಟೀಲಿನವನಾದ್ದರಿಂದ ನನಗೆ ಹೆಚ್ಚು ಹತ್ತಿರವಾದದ್ದು ಅವನ 44 ಜೋಡಿ ಪಿಟೀಲು ರಚನೆಗಳು. 1931ರಲ್ಲಿ ಮುಗಿಸಿದ್ದು. ಎರಿಕ್ ಡೋಫ್ಲೈನ್ ಎಂಬ ಜರ್ಮನ್ ಪಿಟೀಲು ಮಾಸ್ತರ, ಮಕ್ಕಳಿಗೆ ಕಲಿಸಲು ಏನಾದರೂ ಬೇಕು ಅಂತ ಕೇಳಿದ್ದಕ್ಕೆ ಬರೆದದ್ದು. ಒಂದೊಂದೂ ಒಂದೆರಡು ನಿಮಿಷದ್ದು. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಬಹುತೇಕ ಎಲ್ಲವೂ ಹಳ್ಳಿ ಹಾಡಿನ ಮೇಲೆ ಕಟ್ಟಿದ್ದು. ಹಂಗೇರಿಯನ್, ಸ್ಲೊವಾಕ್, ರೊಮೇನಿಯನ್, ರುಥೇನಿಯನ್, ಸರ್ಬಿಯನ್ ಎಲ್ಲ ಪಕ್ಕಪಕ್ಕ ಕೂತಿವೆ. 42ನೆಯದು ಅರಬ್ಬಿ ಹಾಡು. ಯಾವುದು ಯಾರದು ಅಂತ ಜಗಳ ಇಲ್ಲ.

ಅದರಲ್ಲಿ ಮೊದಲ ಕೆಲವನ್ನು ನನ್ನ ಹತ್ತಿರ ಕಲಿಯುವ ಇಬ್ಬರು ಹುಡುಗಿಯರಿಗೆ ಕೊಟ್ಟೆ. ನಮ್ಮ ಪದ್ಧತಿಯಲ್ಲಿ ಇಬ್ಬರು ಕೂತರೆ ಇಬ್ಬರೂ ಒಂದೇ ಸ್ವರ ನುಡಿಸುತ್ತಾರೆ. ಇಲ್ಲಿ ಒಬ್ಬಳದು ಒಂದು, ಇನ್ನೊಬ್ಬಳದು ಇನ್ನೊಂದು. ಶುರುವಿನಲ್ಲಿ ಎರಡು ಕಮಾನೂ ಎರಡು ಸ್ವರ ಎಳೆದ ಕೂಡಲೇ, 'ಸಾರ್, ಅಪಸ್ವರ' ಅಂತ ಇಬ್ಬರೂ ಕಿಸಕ್ಕನೆ ನಕ್ಕು ಕಮಾನು ಕೆಳಗಿಟ್ಟರು. ಮತ್ತೆ ನುಡಿಸಿ, ನಿಲ್ಲಿಸಬೇಡಿ ಅಂದೆ. ಚಿಕ್ಕವಳು ಕಣ್ಣು ಮುಚ್ಚಿಕೊಂಡು, ಪಕ್ಕದವಳ ಸ್ವರಕ್ಕೆ ಜಾರಿಹೋಗದ ಹಾಗೆ ತುಟಿ ಕಚ್ಚಿ ಹಿಡಿದು ಕೊನೆಯವರೆಗೆ ಹೋದಳು. ಒಬ್ಬರು ಇನ್ನೊಬ್ಬರ ದನಿ ಕೇಳುತ್ತಲೇ ತಮ್ಮದನ್ನು ಬಿಡದೆ ಇರುವುದು ಎಷ್ಟು ಕಷ್ಟ ಅಂತ ಅವರಿಗೆ ಆ ದಿನ ಗೊತ್ತಾಯಿತು. ಒಬ್ಬಳ ಮನೆಮಾತು ಮರಾಠಿ, ಇನ್ನೊಬ್ಬಳದು ಬ್ಯಾರಿ. ಇದನ್ನು ಬೇಕೆಂದೇ ಆರಿಸಿದ್ದಲ್ಲ, ನಮ್ಮೂರಿನಲ್ಲಿ ಯಾವ ಇಬ್ಬರನ್ನು ಕೂರಿಸಿದರೂ ಹೀಗೇ ಆಗುತ್ತದೆ.

ನಮ್ಮದೇ ಹಾಡಿನ ಇಂಥ ಪುಸ್ತಕ ನನಗೆ ಬೇಕು. ಓ ಬೇಲೆಯ ಒಂದು ಧಾಟಿ, ಹವ್ಯಕ ಹೆಂಗಸರು ಮದುವೆಯಲ್ಲಿ ಹೇಳುವ ಹಾಡಿನದು, ಪೂರಕ್ಕಳಿಯ ಹೆಜ್ಜೆಯ ಪಾಟು, ಮಾಪಿಳ್ಳೆ ಪಾಟಿನ ಒಂದು ವರಸೆ, ಕೊರಗರ ಡೋಲಿನ ಲಯ, ಮರಾಟಿ ನಾಯ್ಕರ ಗೊಂದೋಳು ಪೂಜೆಯ ಹಾಡು, ಯಕ್ಷಗಾನದ ಪದ. ಮಕ್ಕಳು ಸರಳೆ ವರಸೆ ಮುಗಿಸಿ ಇದನ್ನು ನುಡಿಸಲಿ. ನಾಳೆ ಅವರಲ್ಲಿ ಒಬ್ಬಳು ದೊಡ್ಡ ಕೃತಿ ಕಟ್ಟಿಯಾಳು, ಕಟ್ಟದೆಯೂ ಇದ್ದಾಳು. ಅದು ಅವಳಿಗೆ ಬಿಟ್ಟದ್ದು. ಕಟ್ಟಬೇಕು ಅನಿಸಿದ ದಿನ ಕೈಗೆ ಸಿಗಲು ಏನಾದರೂ ಇರಬೇಕಲ್ವಾ?

ಏನೂ ಆಗಿಲ್ಲ ಅಂತ ನಾನು ಹೇಳುವುದಿಲ್ಲ. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲೇ ಮಂಗಳೂರಿನಿಂದ ಪಾಡ್ದನಗಳ ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಮಾತು ಇದೆ, ಧಾಟಿ ಇಲ್ಲ. ಆ ಕಾಲದಲ್ಲಿ ಹಾಡಿದವರ ದನಿ ಹೇಗಿತ್ತು ಅಂತ ತಿಳಿಯಲು ಇನ್ನು ದಾರಿಯೇ ಇಲ್ಲ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು 1990ರಲ್ಲಿ ಪೂರ್ತಿ ದಾಖಲೆ ಮಾಡಿದರು. 15,683 ಸಾಲು! ಅದು ಉಜಿರೆ ಕಡೆಯ ಕೆಲಸ. ಉಡುಪಿಯಲ್ಲಿ ಜಾನಪದ ಸಂಶೋಧನ ಕೇಂದ್ರದವರು ಬಹಳ ಮಾಡಿದ್ದಾರೆ. ಚಿರಕ್ಕಲ್‌ನಲ್ಲಿ ಕೇರಳದ ಫೋಕ್‌ಲೋರ್ ಅಕಾಡೆಮಿ ಇದೆ, ಮಂಜೇಶ್ವರದ ಕಡೆ ತುಳು ಅಕಾಡೆಮಿ ಇದೆ, ಗಡಿನಾಡಿಗೆ ಅಂತಲೇ ಕರ್ನಾಟಕದ ಪ್ರಾಧಿಕಾರ ಇದೆ. ಒಂದೊಂದು ಭಾಷೆಗೆ ಒಂದೊಂದು ಮನೆ ಇದೆ. ಎರಡು ಭಾಷೆಯಲ್ಲಿ ಕಾಲಿಟ್ಟು ನಿಂತ ಹಾಡು ಮಾತ್ರ ಅಂಗಳದಲ್ಲೇ ನಿಂತಿದೆ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ಕಟ್ಟಡ ಬೇಡ. ಮ್ಯೂಸಿಯಂ ಅಂತ ಶುರು ಮಾಡಿದರೆ ಶಿಲಾನ್ಯಾಸಕ್ಕೇ ಅರ್ಧ ದುಡ್ಡು ಹೋಗುತ್ತದೆ. ಕೇರಳದಲ್ಲಿ ಊರೂರಿಗೆ ವಾಚನಾಲಯ ಇದೆ, ಅದೇ ಸಾಕು. ಒಂದು ಪಂಚಾಯತಿಗೆ ಒಂದು ಒಳ್ಳೆಯ ರೆಕಾರ್ಡರು, ಎರಡು ಮೈಕು, ಕಾಲೇಜು ಓದುವ ಇಬ್ಬರು ಹುಡುಗ ಹುಡುಗಿಯರಿಗೆ ತಿಂಗಳಿಗೆ ಇಷ್ಟು ಅಂತ ಸಂಭಾವನೆ. ಹುಡುಗರು ಆ ಊರಿನವರೇ ಆಗಿರಲಿ. ಅಜ್ಜಿಯ ಮನೆಯ ನಾಯಿ ಬೊಗಳದವರು ಹೋದರೆ ಮಾತ್ರ ಹಾಡು ಹೊರಗೆ ಬರುತ್ತದೆ. ಹಾಡಿದವರಿಗೂ ದುಡ್ಡು ಕೊಡಿ, ಶಾಲು ಬೇಡ. ಅವರ ಮನೆಯಲ್ಲಿ ಶಾಲು ಹೊದೆಯುವಷ್ಟು ಚಳಿಯೂ ಇಲ್ಲ.

ಇನ್ನೊಂದು ಮುಖ್ಯ ವಿಷಯ. ಎಲ್ಲ ಹಾಡೂ ಎಲ್ಲರಿಗೂ ಅಲ್ಲ. ದೈವಕ್ಕೆ ಸಂಬಂಧಪಟ್ಟ ಪಾಡ್ದನ, ತೆಯ್ಯ ಕಟ್ಟುವಾಗ ಹೇಳುವ ತೋಟ್ಟಂ ಹಾಡು ಹೊತ್ತುಗೊತ್ತಿಲ್ಲದೆ ಹೇಳಿಸುವಂಥದಲ್ಲ. ಅವುಗಳ ಬಾಧ್ಯತೆ ಇರುವ ಸಮುದಾಯದವರನ್ನೇ ಕೇಳಬೇಕು. ರೆಕಾರ್ಡ್ ಆಗಲಿ ಆದರೆ ಹೊರಗೆ ಕೊಡಬೇಡಿ ಅಂದರೆ ಕೊಡಬಾರದು. ಬೇಡವೇ ಬೇಡ ಅಂದರೆ ಮೈಕು ಮುಚ್ಚಿ ಬರಬೇಕು. ಯೂಟ್ಯೂಬಿಗೆ ಹಾಕಿ ವ್ಯೂಸ್ ಎಣಿಸುವ ಕೆಲಸ ಇದಲ್ಲ.

ಪುಸ್ತಕ ಯಾವಾಗ ಬರುತ್ತದೆ, ಬಿಡುಗಡೆ ಯಾವಾಗ ಅಂತಲೂ ಅವಸರ ಮಾಡಬೇಡಿ. ನಾಜಿಗಳ ಕಡೆಗೆ ವಾಲುತ್ತಿದ್ದ ಹಂಗೇರಿಯಲ್ಲಿ ಇರಲಾರದೆ ಬಾರ್ಟೋಕ್ 1940ರಲ್ಲಿ ಅಮೆರಿಕಕ್ಕೆ ಹೋದ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವನಿಗೆ ಸಿಕ್ಕಿದ್ದು ಯುಗೊಸ್ಲಾವಿಯಾದ ಹಳ್ಳಿ ಹಾಡುಗಳ ರೆಕಾರ್ಡನ್ನು ಕೇಳಿ ಸ್ವರಲಿಪಿಗೆ ಇಳಿಸುವ ಕೆಲಸ. ಬೇರೆ ಯಾರೋ ರೆಕಾರ್ಡ್ ಮಾಡಿ ಇಟ್ಟಿದ್ದರಿಂದ ಅದು ಸಾಧ್ಯವಾಯಿತು. ಆರೋಗ್ಯ ಕೆಟ್ಟಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. 1943ರಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬಾಸ್ಟನ್ ವಾದ್ಯವೃಂದದ ನಿರ್ದೇಶಕ ಕುಸೆವಿಟ್ಸ್ಕಿ ಬಂದು ಒಂದು ಕೃತಿ ಬರೆದುಕೊಡಿ ಅಂತ ಕೇಳಿದ. ಆಗ ಬರೆದದ್ದೇ 'ಕನ್ಸರ್ಟೋ ಫಾರ್ ಆರ್ಕೆಸ್ಟ್ರಾ', ಇವತ್ತು ಅವನ ಕೃತಿಗಳಲ್ಲಿ ಜನ ಹೆಚ್ಚು ಕೇಳುವುದು ಅದನ್ನೇ. ನೀವೂ ಕೇಳುವುದಾದರೆ ಅದರಿಂದ ಶುರು ಮಾಡಿ. 1945ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಮೂರನೇ ಪಿಯಾನೋ ಕನ್ಸರ್ಟೋದ ಕಡೆಯ 17 ಆವರ್ತಗಳನ್ನು ವಾದ್ಯಗಳಿಗೆ ಹಂಚುವುದು ಬಾಕಿ ಇತ್ತು, ಅದನ್ನು ಗೆಳೆಯನೊಬ್ಬ ಮುಗಿಸಿದ. ಆ ರೊಮೇನಿಯನ್ ಹಾಡುಗಳ ದೊಡ್ಡ ಸಂಗ್ರಹ, ಯಾವುದಕ್ಕಾಗಿ ಎರಡೂ ಕಡೆಯಿಂದ ಬೈಸಿಕೊಂಡನೋ ಅದು, ಪುಸ್ತಕವಾಗಿ ಬರತೊಡಗಿದ್ದು 1967ರಲ್ಲಿ. ಅವನು ಸತ್ತು 22 ವರ್ಷ ಆಗಿತ್ತು. ರೆಕಾರ್ಡ್ ಇದ್ದರೆ ಪುಸ್ತಕ ಎಷ್ಟು ತಡವಾದರೂ ಬರುತ್ತದೆ.

ಅವನ ಉಯಿಲಿನ ಒಂದು ಮಾತು ನಿಮಗೆ ಹೇಳಲೇಬೇಕು. ಹಂಗೇರಿಯಲ್ಲಿ ಹಿಟ್ಲರ್, ಮುಸೊಲಿನಿ ಹೆಸರಿನ ರಸ್ತೆ, ಚೌಕ ಇರುವ ತನಕ ತನ್ನ ಹೆಸರನ್ನು ಯಾವ ರಸ್ತೆಗೂ ಇಡಬಾರದು ಅಂತ 1940ರಲ್ಲಿ ಬರೆದಿಟ್ಟು ಹೋದ. ನಮ್ಮ ಅಜ್ಜಿಗೆ ರಸ್ತೆಯ ಚಿಂತೆ ಇಲ್ಲ. ಅವರ ಮನೆಗೆ ಹೋಗುವುದು ಕಾಲುದಾರಿ.

ಈ ಸಲದ ಬಜೆಟ್ ಪಟ್ಟಿ ಮಾಡುವಾಗ ಇದಕ್ಕೆ ಒಂದು ಸಾಲು ಇಡಿ. ಎರಡೂ ರಾಜ್ಯದವರು ಒಮ್ಮೆ ಕಾಸರಗೋಡಿನಲ್ಲಿ ಒಟ್ಟಿಗೆ ಕೂತರೆ ಇನ್ನೂ ಒಳ್ಳೆಯದು, ಊಟದ ವ್ಯವಸ್ಥೆ ನಾವು ಮಾಡುತ್ತೇವೆ. ಅದು ಆಗುವವರೆಗೆ ಕಡೇ ಪಕ್ಷ ಫಾರಮಿನ 'ಭಾಷೆ' ಕಾಲಮಿನಲ್ಲಿ ಒಂದಕ್ಕಿಂತ ಹೆಚ್ಚು ಬರೆಯಬಹುದು ಅಂತ ಒಂದು ಸುತ್ತೋಲೆ ಹೊರಡಿಸಿ. ಅದಕ್ಕೆ ಖರ್ಚಿಲ್ಲ. ನಾನು ಅರ್ಜಿ ಮತ್ತೆ ಹಾಕುತ್ತೇನೆ. ಉತ್ತರ ಕನ್ನಡದಲ್ಲಿ ಬಂದರೆ ಸಂತೋಷ, ಮಲಯಾಳದಲ್ಲಿ ಬಂದರೂ ಓದಿಕೊಳ್ಳುತ್ತೇನೆ.

ಇತಿ,
ಮುಳ್ಳೇರಿಯ ಕಡೆಯ ಒಬ್ಬ ಪಿಟೀಲು ಮಾಸ್ತರ